ಕಾರ್ಡಿನ ಮೇಲಿನ ಮೂರು ಹೆಸರು

ಮಾನ್‌ಹೈಮ್
೧೭ ನವೆಂಬರ್ ೧೯೭೪

ಪ್ರೀತಿಯ ಸುಲೂ,

ನಿನ್ನ ಎರಡು ಕಾಗದಗಳು ಬಂದು ಒಂದೂವರೆ ತಿಂಗಳಾಯಿತು. ಬೈಯಬೇಡ. ಕೆಲಸ ಜಾಸ್ತಿಯಿತ್ತು ಎಂದು ಬರೆದರೆ ಸುಳ್ಳಾದೀತು, ಕಾರ್ಖಾನೆಯಲ್ಲಿ ಕೆಲಸ ಕಡಿಮೆಯಾಗಿರುವುದೇ ಈಗಿನ ಸಂಕಟ. ಬರೆಯಲು ಕೂತಾಗಲೆಲ್ಲ ಚಿಕ್ಕಪ್ಪ ಎದುರಿಗಿರುತ್ತಿದ್ದ, ಅದಕ್ಕೇ ಆಗಲಿಲ್ಲ. ಇವತ್ತು ಭಾನುವಾರ, ರೈಲು ನಿಲ್ದಾಣಕ್ಕೆ ಹೋಗಿದ್ದಾನೆ. ಯಾರನ್ನೂ ಕರೆತರಲಿಕ್ಕಲ್ಲ. ಭಾನುವಾರ ಇಲ್ಲಿ ಗ್ರೀಕರು, ಟರ್ಕಿಯವರು, ನಾವು, ಎಲ್ಲರೂ ನಿಲ್ದಾಣದಲ್ಲಿ ಒಂದಿಷ್ಟು ಹೊತ್ತು ನಿಂತು, ಊರಿನ ಕಡೆಯ ರೈಲು ಹೊರಟಿದ್ದನ್ನು ನೋಡಿ ವಾಪಸು ಬರುತ್ತೇವೆ. ನಮ್ಮೂರಿಗೆ ಇಲ್ಲಿಂದ ರೈಲಿಲ್ಲ. ಆದರೂ ಚಿಕ್ಕಪ್ಪ ಹೋಗುತ್ತಾನೆ.

ಅವ್ವನ ಮಂಡಿನೋವು ಹೇಗಿದೆ? ಉಮಾಪತಿ ಎಂಟನೇ ಕ್ಲಾಸಿನಲ್ಲಿ ಗಣಿತಕ್ಕೆ ಹೆದರುತ್ತಾನೆಂದು ನೀನು ಬರೆದಿದ್ದೆ. ಹೆದರಲಿ, ಆದರೆ ಶಾಲೆ ಬಿಡದಿರಲಿ. ಬಿಟ್ಟವನ ಮಾತು ಅವನು ಕೇಳುತ್ತಾನೋ ಇಲ್ಲವೋ. ನೀನು ಬಿ.ಎ. ಮೊದಲ ವರ್ಷಕ್ಕೆ ಸೇರಿದ್ದನ್ನು ಚಿಕ್ಕಪ್ಪ ತನ್ನ ಲೇತ್ ಯಂತ್ರದ ಆಚೀಚೆ ದುಡಿಯುವ ಎಲ್ಲರಿಗೂ ಹೇಳಿದ್ದಾನೆ. ಜರ್ಮನರಿಗೆ ಬಿ.ಎ. ಎಂದರೇನೆಂದು ಗೊತ್ತಿಲ್ಲ, ಆದರೂ ಕೈ ಕುಲುಕಿದರು.

ದೀಪಾವಳಿಗೆ ಹೈಡೆಲ್‌ಬರ್ಗಿನ ಡಾಕ್ಟರ್ ಅಶ್ವತ್ಥನಾರಾಯಣರ ಮನೆಗೆ ಹೋಗಿದ್ದೆವು. ಮೈಸೂರಿನವರು, ಇಲ್ಲಿಗೆ ಬಂದು ಹದಿನೈದು ವರ್ಷವಾಗಿದೆ. ಅವರ ಹೆಂಡತಿ ಪ್ರಭಮ್ಮ ಹೋಳಿಗೆ ಮಾಡಿದ್ದರು. ವಿಶ್ವವಿದ್ಯಾಲಯಕ್ಕೆ ಹೊಸದಾಗಿ ಬಂದ ಒಬ್ಬ ಹುಡುಗನೂ ಇದ್ದ. ಚಿಕ್ಕಪ್ಪ ಅವನ ಮುಂದೆ ನನ್ನ ಹೆಗಲ ಮೇಲೆ ಕೈಯಿಟ್ಟು, "ಇವ ನಮ್ ದೊಡ್ಡ ಮಗ, ಹಾಲೇಶ" ಅಂದ.

"ಅಣ್ಣನ ಮಗ ರೀ. ಇವರು ನಮ್ಮ ಚಿಕ್ಕಪ್ಪ" ಅಂದೆ.

ಡಾಕ್ಟರು ಜೋರಾಗಿ ನಕ್ಕರು. "ಏನಪ್ಪಾ ನೀನು, ಪ್ರತಿ ಸಲ ಒಂದು ತಿದ್ದುಪಡಿ! ನಿಮ್ಮ ಯೂನಿಯನ್‌ನೋರೂ ಇಷ್ಟು ಅಮೆಂಡ್‌ಮೆಂಟ್ ತರೋದಿಲ್ಲ."

"ಬಿಡ್ರಿ ಡಾಕ್ಟ್ರೇ" ಅಂದ ಚಿಕ್ಕಪ್ಪ. "ಎಸೆಸೆಲ್ಸಿ ಪರೀಕ್ಷೆ ಹಾಲ್‌ನಾಗೇ ಬಾಯಿ ಮುಚ್ಚಾಕೆ ಬರ್ಲಿಲ್ಲ ಇವಂಗೆ. ಇಲ್ಲಿ ಬರ್ತತೇನು?"

ನೆನಪಿದೆಯಲ್ಲ ನಿನಗೆ? ಮೇಷ್ಟ್ರು ಮುಂದಿನ ಬೆಂಚಿನವರಿಗೆ ಉತ್ತರ ಹೇಳಿಕೊಡುತ್ತಿದ್ದಾರೆಂದು ಇನ್‌ಸ್ಪೆಕ್ಟರ ಎದುರು ನಾನೇ ಎದ್ದು ನಿಂತಿದ್ದು, ಅವರ ಕೆಲಸ ಹೋದದ್ದು, ಆಮೇಲೆ ನಾನು ಆ ಶಾಲೆಯ ಬೀದಿಗೇ ಕಾಲಿಡದಿದ್ದದ್ದು. ಎರಡು ವರ್ಷ ಅಲೆದ ಮೇಲೆ ಚಿಕ್ಕಪ್ಪ ಕಾಗದ ಬರೆದ, "ಆ ಬಾಯಿಗೆ ಈ ದೇಶಾನೇ ಸರಿ, ಕಳಿಸ್ರಿ" ಎಂದು. ಅದನ್ನು ಅವ್ವನಿಗೆ ಓದಿ ಹೇಳಿದವನು ನಾನೇ.

ಡಾಕ್ಟರ ಮಗಳು ನಿರುಪಮಾಗೆ ಆರು ವರ್ಷ. ಜರ್ಮನಿನಲ್ಲೇ ಕೇಳಿದಳು, "ಹಾಗಾದರೆ ನಿನ್ನ ಅಪ್ಪ ಎಲ್ಲಿ?" ಸತ್ತುಹೋದರು ಎಂದೆ. ಅವಳು ಚಿಕ್ಕಪ್ಪನ ಕಡೆ ಬೆರಳು ತೋರಿಸಿ, "ಇಲ್ಲೇ ಕೂತಿದ್ದಾರಲ್ಲ" ಅಂದಳು. ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ.

ಅವ್ವನಿಗೆ ಓದುವುದನ್ನು ಇಲ್ಲಿಗೆ ನಿಲ್ಲಿಸು. ಅಂಚಿನಲ್ಲಿ ನಕ್ಷತ್ರದ ಗುರುತು ಹಾಕಿದ್ದೇನೆ, ಅದರ ಮುಂದಿನದು ನಿನಗೆ ಮಾತ್ರ.

ನಮ್ಮ ಪಂಪ್ ಕಾರ್ಖಾನೆಗೆ ಬೇಡಿಕೆ ಬಿದ್ದುಹೋಗಿದೆ. ನಲವತ್ತೆರಡು ಜನರನ್ನು ತೆಗೆಯುತ್ತೇವೆಂದು ಮಾಲೀಕರು ಹೇಳಿದ್ದಾರೆ. ಆದರೆ ಈ ದೇಶದಲ್ಲಿ ಮಾಲೀಕ ಬೆರಳು ತೋರಿಸಿ "ನೀನು ಹೋಗು" ಅನ್ನುವ ಹಾಗಿಲ್ಲ. ಕಾರ್ಮಿಕರು ಆರಿಸಿದ ಒಂದು ಮಂಡಳಿ ಇರುತ್ತದೆ, ಬೆಟ್ರೀಬ್ಸ್‌ರಾಟ್ ಎನ್ನುತ್ತಾರೆ. ಅದರೊಂದಿಗೆ ಕೂತು ಮಾತಾಡಬೇಕು. ಎಪ್ಪತ್ತೆರಡರಲ್ಲಿ ಬಂದ ಹೊಸ ಕಾನೂನಿನಿಂದ ನಮ್ಮಂಥ ಹೊರದೇಶದವರೂ ಅದಕ್ಕೆ ನಿಲ್ಲಬಹುದಾಯಿತು. ನಾನು ನಿಂತೆ, ಗೆದ್ದೆ. ಒಂಬತ್ತು ಜನರಲ್ಲಿ ನಾನೊಬ್ಬನೇ ಕಪ್ಪು ತಲೆಯವನು. "ಹಾಲೇಶ್ ಸುಳ್ಳು ಹೇಳುವುದಿಲ್ಲ" ಎಂದು ಟರ್ಕಿಯವರೂ ನನಗೇ ಮತ ಹಾಕಿದರು. ಅವತ್ತು ಚಿಕ್ಕಪ್ಪ ಇಡೀ ವಿಭಾಗಕ್ಕೆ ಬಾದಾಮಿ ಬಿಸ್ಕತ್ತು ಹಂಚಿದ.

ಈಗ ವಾರಕ್ಕೆರಡು ಸಲ ಮೇಜಿನ ಈಚೆ ನಾವು, ಆಚೆ ಅವರು. ಯಾರು ಉಳಿಯಬೇಕು, ಯಾರು ಹೋಗಬೇಕು ಎಂಬುದಕ್ಕೆ ಅಂಕ ಹಾಕುತ್ತಾರೆ. ವಯಸ್ಸಿಗೆ ಇಷ್ಟು, ದುಡಿದ ವರ್ಷಗಳಿಗೆ ಇಷ್ಟು, ಸಾಕಬೇಕಾದ ಮಕ್ಕಳಿಗೆ ಇಷ್ಟು. ಒಂದು ಗೆರೆ ಎಳೆಯುತ್ತಾರೆ, ಅದರ ಕೆಳಗಿರುವವರು ಮನೆಗೆ. ಒಳಗಿನ ಮಾತು ಹೊರಗೆ ಹೇಳುವಂತಿಲ್ಲ, ಅದೂ ಕಾನೂನು. ಆದ್ದರಿಂದ ನಿನಗೂ ಹೆಸರು ಬರೆಯಲಾರೆ. ಗೆರೆಯ ಹತ್ತಿರ ಯಾರ ಹೆಸರಿತ್ತೆಂದು ಬರೆಯದೆಯೂ ನಿನಗೆ ತಿಳಿಯುತ್ತದೆ.

ಮೊನ್ನೆ ಮನೆಗೆ ಬಂದಾಗ ಅವನು ರೊಟ್ಟಿ ಬಡಿಯುತ್ತಿದ್ದ. "ಏನಾತಲೇ ಮೀಟಿಂಗ್‌ನಾಗೆ?"

"ಹೇಳೋ ಹಂಗಿಲ್ಲ ಚಿಕ್ಕಪ್ಪ."

"ಹೇಳ್‌ಬ್ಯಾಡ. ಹೇಳಿದ್ರೆ ನೀನು ಹಾಲೇಶನೇ ಅಲ್ಲ. ಕೈ ತೊಳ್ಕೊಂಡು ಬಾ."

ಇನ್ನೊಂದು ಮಾತು. ಮೀಟಿಂಗಿನಲ್ಲಿ ಎಲ್ಲರೂ ಸುಮ್ಮನಾದಾಗ ನನ್ನ ಬೆನ್ನ ಹಿಂದೆ ಕೆಮ್ಮು ಕೇಳಿಸುತ್ತದೆ. ಮಿಲ್ಲಿನ ಹತ್ತಿ ಧೂಳಿನ ಕೆಮ್ಮು, ಒಣಗಿದ್ದು, ಮೂರು ಸಲ. ಅಪ್ಪ ಹೋದಾಗ ನಿನಗೆ ಐದು ವರ್ಷ, ನಿನಗೆ ಆ ಕೆಮ್ಮು ನೆನಪಿರಲಾರದು. ನನಗೆ ಚೆನ್ನಾಗಿ ನೆನಪಿದೆ. ತಿರುಗಿ ನೋಡಿದರೆ ಗೋಡೆ, ಗೋಡೆಯ ಮೇಲೆ ಕೋಟುಗಳು.

ನಿನ್ನ ಅಣ್ಣ
ಹಾಲೇಶ


ಮಾನ್‌ಹೈಮ್
೧೨ ಜನವರಿ ೧೯೭೫

ಪ್ರೀತಿಯ ಸುಲೂ,

ಈ ಸಲ ನಕ್ಷತ್ರ ಮೊದಲನೇ ಸಾಲಿನ ಪಕ್ಕದಲ್ಲೇ ಇದೆ. ಅವ್ವನಿಗೆ ಇಬ್ಬರೂ ಗಟ್ಟಿಯಾಗಿದ್ದಾರೆಂದು ಹೇಳು. ಮೈ ಮಟ್ಟಿಗೆ ಅದು ನಿಜ.

ಕ್ರಿಸ್‌ಮಸ್‌ಗೆ ಮೊದಲು ಚಿಕ್ಕಪ್ಪನಿಗೆ ಕೆಲಸದಿಂದ ತೆಗೆದ ಕಾಗದ ಬಂತು. ಮಾರ್ಚ್ ಕೊನೆಯವರೆಗೆ ಕೆಲಸ, ಆಮೇಲೆ ಇಲ್ಲ. ಲೆಕ್ಕ ಹಾಕುವಾಗ ಅವನ ಅಂಕ ಕಡಿಮೆಯಾಯಿತು, ಗೆರೆಯ ಕೆಳಗೆ ಬಿದ್ದ. ಹೇಗೆ ಕಡಿಮೆಯಾಯಿತೆಂದು ಕೇಳಬೇಡ. ಕೇಳಿದರೆ ಹೇಳಬೇಕಾಗುತ್ತದೆ.

ಇಲ್ಲಿಯ ಕಾನೂನಿನಲ್ಲಿ ಒಂದು ಮಾತಿದೆ. ಒಬ್ಬನನ್ನು ತೆಗೆಯುವ ಮುಂಚೆ ಮಾಲೀಕರು ಮಂಡಳಿಗೆ ತಿಳಿಸಬೇಕು. ಆಕ್ಷೇಪಿಸಲು ನಮಗೆ ಏಳು ದಿನ. ಆ ಏಳು ದಿನ ನಾವು ಬಾಯಿ ತೆರೆಯದಿದ್ದರೆ ಒಪ್ಪಿದೆವು ಎಂದೇ ಅರ್ಥ. ಚಿಕ್ಕಪ್ಪನ ಪರವಾಗಿ ಆಕ್ಷೇಪ ಬರೆಯೋಣವೆಂದು ನಮ್ಮ ಅಧ್ಯಕ್ಷ ವಾಲ್ಟರ್ ಹೇಳಿದ. ಎರಡು ಬೆರಳಿಲ್ಲದ ಮುದುಕ, ಕೈ ಎತ್ತಿದರೆ ಮೂರೇ ಬೆರಳು. ನಾಲ್ವರು ಪರವಾಗಿ ಕೈ ಎತ್ತಿದರು, ನಾಲ್ವರು ವಿರೋಧವಾಗಿ. ಉಳಿದವನು ನಾನು.

"ಹಾಲೇಶ್, ನಿನಗೂ ಕೈ ಎತ್ತುವ ಹಕ್ಕಿದೆ" ಅಂದ ವಾಲ್ಟರ್.

"ಅವನು ನನ್ನ ಮನೆಯವನು. ನಾನು ಎತ್ತಿದರೆ ನ್ಯಾಯವಾಗುವುದಿಲ್ಲ" ಅಂದೆ.

"ನ್ಯಾಯ ನಿನ್ನದು. ಕೆಲಸ ಅವನದು" ಅಂದ. ನಾನು ಎತ್ತಲಿಲ್ಲ. ಸಮಸಮವಾದರೆ ಗೊತ್ತುವಳಿ ಬಿತ್ತು ಎಂದು ಲೆಕ್ಕ. ಆಮೇಲೆ ಏಳು ದಿನವೂ ನಾನು ಕಾರ್ಖಾನೆಯಲ್ಲಿ ಬಾಯಿ ತೆರೆಯಲಿಲ್ಲ. ಏಳನೇ ದಿನ ಸಂಜೆ ಮಂಡಳಿಯ ಕೋಣೆಯಲ್ಲಿ ಒಬ್ಬನೇ ಕೂತಿದ್ದೆ. ಕೆಮ್ಮು ಬಂತು, ಮೂರು ಸಲ. ಈ ಸಲ ನಾನು ತಿರುಗಿ ನೋಡಲಿಲ್ಲ.

ಚಿಕ್ಕಪ್ಪ ಎಂದಿನಂತೆ ಏಳುತ್ತಾನೆ, ಚಹಾ ಮಾಡುತ್ತಾನೆ. ಮೊದಲು ಚಾದರ ಎಳೆದು "ಏಳಲೇ ಹಾಲೇಶಾ, ಗಂಟೆ ಆತು" ಅನ್ನುತ್ತಿದ್ದ. ಈಗ ಬಾಗಿಲಲ್ಲಿ ನಿಂತು "ಹಾಲೇಶ್, ಚಾ ಆಗೈತೆ" ಅನ್ನುತ್ತಾನೆ. ಅಷ್ಟೆ.

ಹಾಲೇಶ


ಮಾನ್‌ಹೈಮ್
೨೭ ಏಪ್ರಿಲ್ ೧೯೭೫

ಪ್ರೀತಿಯ ಸುಲೂ,

ನೀನು ಕೇಳಿಯೇ ಬಿಟ್ಟೆ. ಫೆಬ್ರವರಿಯಲ್ಲಿ ಬಂದ ಕಾಗದದ ಕೊನೆಯ ಸಾಲು, "ಚಿಕ್ಕಪ್ಪನ ಅಂಕ ಹೇಗೆ ಕಡಿಮೆಯಾಯಿತು?" ಎರಡು ತಿಂಗಳು ಆ ಸಾಲನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡು ತಿರುಗಿದ್ದೇನೆ. ಅವನು ಊರು ಸೇರುವವರೆಗೆ ಬರೆಯಬಾರದೆಂದು ಕಾದೆ. ಈಗ ಹತ್ತು ದಿನದಿಂದ ಅವನು ನಿಮ್ಮ ಎದುರಿಗಿದ್ದಾನೆ. "ಚಳಿ ಒಗ್ಗಲಿಲ್ಲ, ಬಂದೆ" ಎಂದಿರುತ್ತಾನೆ. ಹನ್ನೊಂದು ವರ್ಷ ಒಗ್ಗಿದ ಚಳಿ!

ಕೇಳು. ಎಲ್ಲವನ್ನೂ ಹೇಳುತ್ತೇನೆ.

ಅಪ್ಪನನ್ನು ಮಣ್ಣು ಮಾಡಿ ಬಂದ ದಿನ ನಮ್ಮ ಜಗಲಿಯ ಮೇಲೆ ಹಿರಿಯರು ಕೂತಿದ್ದರು. ಉಮಾಪತಿ ಆರು ತಿಂಗಳ ಕೂಸು. ಒಬ್ಬರು ಅವನನ್ನು ಎತ್ತಿ ಚಿಕ್ಕಪ್ಪನ ತೊಡೆಯ ಮೇಲಿಟ್ಟು, "ಕೊಟ್ರಪ್ಪ, ಇವತ್ತಿಂದ ಇವು ನಿನ್ನ ಮಕ್ಕಳು" ಅಂದರು. ಅವನು ತಲೆ ಅಲ್ಲಾಡಿಸಿದ. ಅಷ್ಟೇ. ನಮ್ಮ ಕಡೆ ಅದಕ್ಕೆ ಕಾಗದ ಯಾರು ಬರೆಯುತ್ತಾರೆ, ಸಹಿ ಯಾರು ಹಾಕುತ್ತಾರೆ? ಅವನು ಮದುವೆಯಾಗಲಿಲ್ಲ. "ಮೂರು ಮಕ್ಕಳ ತಂದಿಗೆ ಯಾರು ಹೆಣ್ಣು ಕೊಡ್ತಾರೆ" ಎಂದು ನಗುತ್ತಿದ್ದ.

ಈ ದೇಶಕ್ಕೆ ಬಂದು ಎರಡು ವರ್ಷದ ಮೇಲೆ, ಅರವತ್ತಾರರಲ್ಲಿ, ಈ ಕಾರ್ಖಾನೆ ಸೇರುವಾಗ ಒಂದು ಕಾರ್ಡು ತುಂಬಿಸಿಕೊಂಡಿದ್ದಾರೆ. ಮದುವೆ ಎಂಬಲ್ಲಿ ಇಲ್ಲ, ಮಕ್ಕಳು ಎಂಬಲ್ಲಿ ಮೂರು ಎಂದು ಬರೆದಿದ್ದಾನೆ. ಗುಮಾಸ್ತೆ ಹುಬ್ಬೇರಿಸಿದಳಂತೆ, ಇವನು ಎದೆಯುಬ್ಬಿಸಿ "ಹೌದು, ಮೂರು" ಅಂದನಂತೆ. ಆ ಹೆಂಗಸು ಏನು ತಿಳಿದುಕೊಂಡಳೋ! ಈ ಕಥೆಯನ್ನು ಅವನೇ ಎಷ್ಟೋ ಸಲ ಹೇಳಿ ನಗಿಸಿದ್ದಾನೆ.

ಡಿಸೆಂಬರ್ ಮೂರನೇ ತಾರೀಖು ಆ ಕಾರ್ಡು ಮೇಜಿನ ಮೇಲೆ ಬಂತು. ಮಾಲೀಕರ ಕಡೆಯಿಂದ ಲಿಂಡ್ನರ್ ಎಂಬುವನು ಕೂರುತ್ತಾನೆ, ಸಿಬ್ಬಂದಿ ವಿಭಾಗದ ಮುಖ್ಯಸ್ಥ. ಕೆಟ್ಟವನಲ್ಲ, ಕೆಟ್ಟವನಾಗಿದ್ದರೆ ನನಗೆ ಸುಲಭವಾಗುತ್ತಿತ್ತು. ಕಾರ್ಡು ಹಿಡಿದು, "ಮದುವೆಯಿಲ್ಲ, ಮೂರು ಮಕ್ಕಳು. ಇದು ಹೇಗೆ? ಹಾಲೇಶ್, ನಿನಗೆ ಗೊತ್ತಿರಬೇಕಲ್ಲ. ಇವು ಅವನ ಮಕ್ಕಳೇ?" ಎಂದು ಕೇಳಿದ.

ವಾಲ್ಟರ್ ನನ್ನ ಕಡೆ ನೋಡಲಿಲ್ಲ. ಕಿಟಕಿಯ ಕಡೆ ನೋಡುತ್ತ, "ಹುಡುಗ ಉತ್ತರಿಸಬೇಕಾಗಿಲ್ಲ" ಅಂದ. ಅದು ನನಗೆ ತೆರೆದಿಟ್ಟ ಬಾಗಿಲು, ಸುಲೂ. "ಅವನನ್ನೇ ಕೇಳಿ" ಎಂದಿದ್ದರೂ ಸಾಕಿತ್ತು. ಸುಮ್ಮನೆ ಕೂತಿದ್ದರೂ ಸಾಕಿತ್ತು.

ಆಗ ಬೆನ್ನ ಹಿಂದೆ ಅಪ್ಪ ಕೆಮ್ಮಿದ.

ನಾನು ಯಾಕೆ ಪ್ರತಿ ಸಲ ಚಿಕ್ಕಪ್ಪನ ಮಾತು ತಿದ್ದುತ್ತೇನೆಂದು ನೀನು ಒಮ್ಮೆ ಕೇಳಿದ್ದೆ. ನಾನು ಇವನಿಗೆ ಮಗನಾದರೆ ಆ ಕೆಮ್ಮಿದವನು ಯಾರು? ಅವನನ್ನು ಅಪ್ಪ ಎಂದು ನೆನೆಯಲು ಉಳಿದಿರುವವನು ನಾನೊಬ್ಬನೇ. ನೀನು ಚಿಕ್ಕವಳು, ಉಮಾಪತಿ ಅವನ ಮುಖವನ್ನೇ ನೋಡಿಲ್ಲ. ನಾನೂ ಬಿಟ್ಟುಕೊಟ್ಟರೆ ಅವನು ಎರಡನೇ ಸಲ ಸಾಯುತ್ತಾನೆ ಅನ್ನಿಸುತ್ತಿತ್ತು.

"ಇಲ್ಲ. ಅಣ್ಣನ ಮಕ್ಕಳು" ಅಂದೆ.

"ದತ್ತು ತೆಗೆದುಕೊಂಡ ಕಾಗದ ಏನಾದರೂ?"

"ಇಲ್ಲ."

"ಸಾಕುತ್ತಿರುವವನು ಅವನೇ ತಾನೆ, ಇನ್ನೇನು ಬೇಕು?" ಎಂದು ವಾಲ್ಟರ್ ಮೇಜು ಗುದ್ದಿದ. ಕಾಗದ ಬೇಕು ಎಂದ ಲಿಂಡ್ನರ್. ದುಡಿಯುವ ನಾನು ಹೇಗೂ ಲೆಕ್ಕಕ್ಕಿರಲಿಲ್ಲ, ನಿಮ್ಮಿಬ್ಬರ ಅಂಕಗಳನ್ನು ಕಳೆದ, ಚಿಕ್ಕಪ್ಪನ ಹೆಸರು ಗೆರೆಯ ಕೆಳಗೆ ಹೋಯಿತು. ಇಡೀ ಕೆಲಸಕ್ಕೆ ಒಂದು ಸಿಗರೇಟು ಮುಗಿಯುವಷ್ಟು ಹೊತ್ತೂ ಹಿಡಿಯಲಿಲ್ಲ. ನಾನು ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿಲ್ಲ. ಜಗಲಿಯ ಮೇಲೆ ಕೂತಿದ್ದ ಹಿರಿಯರ ಮುಂದೆ ಅದೇ ಮಾತು ಆಡಿದ್ದರೆ ಅವರು ನನ್ನ ಕೆನ್ನೆಗೆ ಹೊಡೆಯುತ್ತಿದ್ದರು.

ತೆಗೆದುಹಾಕಿದ ಕಾಗದ ಬಂದ ದಿನ ನಾನೇ ಅವನಿಗೆ ಹೇಳಿದೆ. ರೊಟ್ಟಿ ಬಡಿಯುತ್ತಿದ್ದ ಕೈ ನಿಂತಿತು.

"ನೀನು ಹೇಳಿದ್ದಾ?"

"ಹ್ಞೂ. ಕೇಳಿದ್ರು, ಹೇಳ್ದೆ."

ತವೆಯ ಮೇಲಿದ್ದ ರೊಟ್ಟಿಯನ್ನು ನನ್ನ ತಟ್ಟೆಗೆ ಹಾಕಿದ. ಆಮೇಲೆ, "ಖರೇನೇ ಹೇಳೀಯ ಬಿಡು. ಉಣ್ಣು" ಅಂದ. ಆ ದಿನದಿಂದ ಅವನ ಬಾಯಲ್ಲಿ ನನಗೆ "ಲೇ" ಬರಲಿಲ್ಲ.

ಮೂರು ವಾರದೊಳಗೆ ಕಾರ್ಮಿಕ ನ್ಯಾಯಾಲಯಕ್ಕೆ ಹೋಗಬಹುದಿತ್ತು. ವಾಲ್ಟರ್ ಮನೆಗೇ ಬಂದು ಅಂಗಲಾಚಿದ. ಯೂನಿಯನ್ ವಕೀಲರನ್ನು ಕೊಡುತ್ತದೆ, ಊರಿನಿಂದ ಒಂದು ಪತ್ರ ತರಿಸಿದರೆ ಸಾಕು, ಗೆಲ್ಲಬಹುದು ಎಂದ. ನಾನು ಅದನ್ನು ಕನ್ನಡದಲ್ಲಿ ಹೇಳಿದೆ. ಚಿಕ್ಕಪ್ಪ ಕೇಳಿಸಿಕೊಂಡು, ನನ್ನ ಕಡೆ ನೋಡದೆ ವಾಲ್ಟರನನ್ನೇ ನೋಡುತ್ತ ಕನ್ನಡದಲ್ಲೇ ಅಂದ: "ನನ್ನ ಮಕ್ಕಳು ನನ್ನ ಮಕ್ಕಳಲ್ಲ ಅಂತ ಜಡ್ಜಿನ ಮುಂದೆ ಇನ್ನೊಂದ್ಸಲ ಕೇಳ್ಬೇಕೇನು? ಬ್ಯಾಡ ಅಂತ ಹೇಳು."

ನಾನು "ಬೇಡವಂತೆ" ಎಂದಷ್ಟೇ ಜರ್ಮನಿನಲ್ಲಿ ಹೇಳಿದೆ. ನನ್ನ ಜೀವನದಲ್ಲಿ ಪೂರ್ತಿ ಹೇಳದೆ ಬಿಟ್ಟ ಮೊದಲ ಮಾತು ಅದು.

ಕೆಲಸವಿಲ್ಲದವನು ಈ ದೇಶದಲ್ಲಿರುವ ಪರವಾನಗಿ ಮುಂದುವರಿಸಿಕೊಳ್ಳಲು ಔಸ್‌ಲೆಂಡರ್‌ಆಮ್ಟ್‌ನಲ್ಲಿ, ಅಂದರೆ ವಿದೇಶಿಗಳ ಕಚೇರಿಯಲ್ಲಿ, ಸಾಲು ನಿಲ್ಲಬೇಕು. ಅವನು ಅದಕ್ಕೂ ಒಪ್ಪಲಿಲ್ಲ. ಯುಗಾದಿಯ ದಿನ ಡಾಕ್ಟರು ಕರೆದರೂ ಹೋಗಲಿಲ್ಲ. ಮನೆಯಲ್ಲೇ ಬೇವು ಬೆಲ್ಲದ ಬದಲು ಕಹಿ ಬಾದಾಮಿ, ಸಕ್ಕರೆ ಇಟ್ಟ. ನನ್ನ ಪಾಲನ್ನು ಕೈಗೆ ಕೊಡದೆ ತಟ್ಟೆಯಲ್ಲಿಟ್ಟ.

ಫ್ರಾಂಕ್‌ಫರ್ಟ್ ವಿಮಾನ ನಿಲ್ದಾಣದಲ್ಲಿ ಟಿಕೆಟು ನೋಡುವ ಹುಡುಗಿ ನಗುಮುಖದವಳು. ಪೆಟ್ಟಿಗೆ ಎತ್ತಿಡುತ್ತಿದ್ದ ನನ್ನನ್ನು ನೋಡಿ, "ನಿಮ್ಮ ಮಗನೇ? ಒಳ್ಳೆಯ ಹುಡುಗ" ಅಂದಳು. ನಾನು ತಲೆ ತಗ್ಗಿಸಿ ನಿಂತೆ. ಇಷ್ಟು ವರ್ಷ ಕಂಡಕಂಡವರಿಗೆಲ್ಲ ಹೇಳಿದ ಮಾತನ್ನು ಇನ್ನೊಂದು ಸಲ ಹೇಳಲಿ, ಈ ಸಲ ನಾನು ತಿದ್ದುವುದಿಲ್ಲ ಎಂದು ಕಾದೆ.

"ಅಲ್ಲ" ಅಂದ ಚಿಕ್ಕಪ್ಪ. "ಜೊತೆಗೆ ಕೆಲಸ ಮಾಡ್ತಿದ್ದೋರು."

ಸಿಟ್ಟಿರಲಿಲ್ಲ ಆ ದನಿಯಲ್ಲಿ. ಕೇಳಿದ್ದಕ್ಕೆ ಉತ್ತರ ಕೊಟ್ಟ, ಅಷ್ಟೆ. ನಾನು ಹೇಗೆ ಕೊಟ್ಟಿದ್ದೆನೋ ಹಾಗೆ.

ಈಗ ಬೆಳಿಗ್ಗೆ ಯಾರೂ ಎಬ್ಬಿಸುವುದಿಲ್ಲ. ಆದರೂ ಅದೇ ಹೊತ್ತಿಗೆ ಎಚ್ಚರವಾಗುತ್ತದೆ, ಅಡುಗೆಮನೆಯಲ್ಲಿ ಹಿಟ್ಟು ಬಡಿಯುವ ಸದ್ದು. ಎದ್ದು ಹೋದರೆ ನಿಲ್ಲುತ್ತದೆ, ಮಲಗಿದರೆ ಮತ್ತೆ ಶುರು. ಕಾರ್ಖಾನೆಯ ಗೇಟಿನಲ್ಲಿ ಹಾಜರಿ ಕಾರ್ಡುಗಳ ಗೂಡಿನಲ್ಲಿ ನನ್ನದರ ಮೇಲೆ ಚಿಕ್ಕಪ್ಪನ ಕಾರ್ಡಿದ್ದ ಸಂದು ಖಾಲಿ. ದಿನವೂ ನನ್ನ ಕೈ ಮೊದಲು ಅಲ್ಲಿಗೇ ಹೋಗುತ್ತದೆ. ಅಪ್ಪನ ಕೆಮ್ಮು ನಿಂತುಹೋಗಿದೆ. ಆಕ್ಷೇಪದ ಗಡುವು ಮುಗಿದ ಆ ಏಳನೇ ದಿನದ ಸಂಜೆಯ ಮೇಲೆ ಒಮ್ಮೆಯೂ ಬಂದಿಲ್ಲ. ಯಾರನ್ನು ಉಳಿಸಿಕೊಳ್ಳಲು ಯಾರನ್ನು ಕಳೆದೆನೋ, ಅವನೂ ಉಳಿಯಲಿಲ್ಲ. ಮಂಡಳಿಗೆ ರಾಜೀನಾಮೆ ಕೊಟ್ಟಿದ್ದೇನೆ. "ಸುಳ್ಳು ಹೇಳದವನು ಬೇಕು ಅಂತ ಆರಿಸಿದ್ದು ನಾವೇ" ಎಂದು ವಾಲ್ಟರ್ ಬೆನ್ನು ತಟ್ಟಿದ. ಅದು ಸಮಾಧಾನವೋ ಶಾಪವೋ ತಿಳಿಯಲಿಲ್ಲ.

ನಿನ್ನ ಓದು ನಿಲ್ಲದಿರಲಿ, ಖರ್ಚು ನಾನು ನೋಡಿಕೊಳ್ಳುತ್ತೇನೆ. ಉಮಾಪತಿ ಗಣಿತವನ್ನು ಚಿಕ್ಕಪ್ಪನ ಹತ್ತಿರ ಕಲಿಯಲಿ, ಲೇತಿನ ಅಳತೆ ತಿಳಿದವನಿಗೆ ಶಾಲೆಯ ಗಣಿತ ದೊಡ್ಡದಲ್ಲ. ಅವ್ವನ ಕಾಲಿಗೆ ನನ್ನ ಪರವಾಗಿ ಹಣೆ ಮುಟ್ಟಿಸು. ನೀನೂ ಉಮಾಪತಿಯೂ ನೂರು ವರ್ಷ ಚಿಕ್ಕಪ್ಪನ ಮಾತಿಗೆ ಓಗೊಟ್ಟುಕೊಂಡು ಬಾಳಿ.

ಹಾಲೇಶ

ಮತ್ತೆ: ಆ ಕಾರ್ಡಿನ ವಿಷಯದಲ್ಲಿ ಒಂದನ್ನು ಬಿಟ್ಟಿದ್ದೇನೆ. ಮಕ್ಕಳ ಹೆಸರುಗಳನ್ನು ಚಿಕ್ಕಪ್ಪ ಜರ್ಮನ್ ಅಕ್ಷರದಲ್ಲಿ ಬರೆದು, ತಪ್ಪಾಗಬಾರದೆಂದು ಕೆಳಗೆ ಕನ್ನಡದಲ್ಲೂ ಬರೆದಿದ್ದ, ಆ ಗುಂಡನೆಯ ಅಕ್ಷರ ನಿನಗೆ ಗೊತ್ತಲ್ಲ. ಆ ಕೋಣೆಯಲ್ಲಿ ಅದನ್ನು ಓದಬಲ್ಲವನು ನಾನೊಬ್ಬನೇ. "ಇದೇನು, ಓದು" ಎಂದ ಲಿಂಡ್ನರ್. ಓದಿದೆ. ಹಾಲೇಶ, ಸುಲೋಚನಾ, ಉಮಾಪತಿ. ಮೊದಲ ಹೆಸರು ನನ್ನದು, ಪಕ್ಕದಲ್ಲಿ ವಯಸ್ಸು ಹದಿನಾರು. ನಾನು ಅಣ್ಣನ ಮಕ್ಕಳು ಅಂದ ಮೇಲೆ ಲಿಂಡ್ನರ್ ಅಳತೆಪಟ್ಟಿ ಇಟ್ಟು ಮೂರರ ಮೇಲೂ ಗೆರೆ ಎಳೆದ. ತಿದ್ದಿದ ಕಡೆ ಮಾಹಿತಿ ಕೊಟ್ಟವರ ಸಹಿ ಬೇಕೆಂದು ಕಾರ್ಡನ್ನು ನನ್ನ ಕಡೆ ತಿರುಗಿಸಿದ. ಪೆನ್ನನ್ನೂ ಅವನೇ ಕೊಟ್ಟ. ನಾನು ಸಹಿ ಹಾಕಿದೆ, ಸುಲೂ, ನನ್ನ ಹೆಸರಿನ ಪಕ್ಕದಲ್ಲೇ. ಇದನ್ನು ಚಿಕ್ಕಪ್ಪನಿಗೆ ಹೇಳಿಲ್ಲ. ಈ ಕಾಗದದ ಅಂಚಿನಲ್ಲಿ ಎಲ್ಲೂ ನಕ್ಷತ್ರವಿಲ್ಲ, ನೋಡಿಕೊ. ಅವನು ಜಗಲಿಯ ಮೇಲೆ ಕೂತಿರುವಾಗ, ಅವ್ವನೂ ಇರುವಾಗ, ಮೊದಲಿನಿಂದ ಗಟ್ಟಿಯಾಗಿ ಓದು. ಕೊನೆಯಲ್ಲಿ "ನಿನ್ನ ಮಗ" ಎಂದು ಅವನಿಗೆ ಬರೆಯಲು ಹೊರಟು ಎರಡು ಸಲ ಪೆನ್ನು ಎತ್ತಿದೆ. ತನ್ನ ಹೆಸರಿನ ಮೇಲಿನ ಗೆರೆಗೆ ಒಪ್ಪಿ ಸಹಿ ಹಾಕಿದವನು ಅದನ್ನು ಬರೆಯಬಹುದೋ ಇಲ್ಲವೋ, ಅವನನ್ನೇ ಕೇಳಿ ತಿಳಿಸು.